ಎಲ್ಲಿ ಉಣ್ತಾಳ

ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಲು ಶಿವಲೀಲಾಗೆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಗಂಡ ಫಕೀರೇಶ ಗಾಳಿಯಂತ್ರದ ರೆಕ್ಕೆ ಸಾಗಿಸುವ ಉದ್ದನೆಯ ಲಾರಿಯ ಚಾಲಕ. ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ ಇರುತ್ತಿದ್ದ. ಅವಳ ತಾಯಿ ಗದಗಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಸತ್ತಿದ್ದಳು. ಸತ್ತವರನ್ನು ಬಿಟ್ಟರೆ ಆ ಮನೆತನದಲ್ಲಿ ಉಳಿದವರೆಲ್ಲ ದುಡಿಯುತ್ತಿದ್ದರು.

ಹಾಗಾಗಿ ಮಗಳು ಗಂಗೋತ್ರಿ ಬೆಟಗೇರಿಯಲ್ಲಿ, ಪಕ್ಕದ ಓಣಿಯ ಸಂಕವ್ವನ ಮನೆಯಲ್ಲಿ ಬೆಳೆದಳು. ಅದು ಹಿಂದೆ ನೇಕಾರರ ಮನೆ. ಮಗ್ಗ ಹೋದ ಮೇಲೆ ಸಂಕವ್ವ ಮಗ್ಗದ ಕುಣಿಯನ್ನು ಮಣ್ಣು ತುಂಬಿ ಮುಚ್ಚಿ, ಮೇಲೆ ಚಾಪೆ ಹಾಸಿ, ಆರೇಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಸಂಕವ್ವ ದೇವತೆಯೇನೂ ಅಲ್ಲ. ತಂಬಾಕು ತಿನ್ನುತ್ತಿದ್ದಳು, ಮಧ್ಯಾಹ್ನ ತೂಕಡಿಸುತ್ತಿದ್ದಳು, ಮಕ್ಕಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಮನೆ ಉಚ್ಚೆಯ ವಾಸನೆ ಹೊಡೆಯುತ್ತಿತ್ತು. ಆದರೂ ಬೆಳಿಗ್ಗೆ ಮಕ್ಕಳು ಆ ಹೊಸ್ತಿಲು ದಾಟುವಾಗ ಅಳುತ್ತಿರಲಿಲ್ಲ.

ಆಮೇಲೆ ಊರಿಗೆ 'ತಕ್ಕಮನೆ' ಬಂತು. ಮಕ್ಕಳನ್ನು ನೋಡಿಕೊಳ್ಳುವ ಮನೆಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಂದೆತಾಯಿಗಳಿಗೆ ತಿಳಿಸುವ ಕಂಪನಿ ಅದು. ಕೂಸಿನ ಅಂಗಿಗೆ ಒಂದು ಗುಂಡಿ ಹೊಲಿಯುತ್ತಿದ್ದರು. ನೋಡಲು ಸಾದಾ ಅಂಗಿಗುಂಡಿ. ಅದಕ್ಕೆ ಕಿವಿ ಇತ್ತು, ಬಾಯಿ ಇತ್ತು, ಕಣ್ಣು ಇರಲಿಲ್ಲ. ಮಕ್ಕಳ ಚಿತ್ರ ತೆಗೆಯಲು ಕಾನೂನಿನ ಅಡ್ಡಿಯಿತ್ತು. ಮೈಗೆ ಅಂಟಿಸಿ ಶಾಖ, ನಾಡಿ ನೋಡುವ ಮೊದಲ ಮಾದರಿಯಿಂದ ಮಕ್ಕಳ ಎದೆಯ ಮೇಲೆ ಗುಳ್ಳೆ ಎದ್ದವು, ಅದನ್ನೂ ಕೈಬಿಟ್ಟರು. ಕೊನೆಗೆ ಉಳಿದದ್ದು ಕೇಳುವುದೊಂದೇ. ಗುಂಡಿ ದಿನವಿಡೀ ಅಳುವನ್ನು ಅಳೆಯುತ್ತಿತ್ತು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ತಾನಾಗಿಯೇ ಕೇಳುತ್ತಿತ್ತು: "ಮಗು ಊಟ ಮಾಡಿತೇ? ನಿದ್ದೆ ಮಾಡಿತೇ? ಆಟವಾಡಿತೇ?" ನೋಡಿಕೊಳ್ಳುವವರು ಬಾಯಿಬಿಟ್ಟು ಉತ್ತರ ಹೇಳಬೇಕು. ಆ ಉತ್ತರವನ್ನು ಯಂತ್ರ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಕಚೇರಿಯ ಪರದೆಗೆ ಕಳಿಸುತ್ತಿತ್ತು. ಎಲ್ಲ ಸೇರಿ ನೂರಕ್ಕೆ ಇಷ್ಟು ಎಂದು ಅಂಕ. ನಲವತ್ತಕ್ಕಿಂತ ಕೆಳಗಿಳಿದ ಮನೆಗೆ ಮಕ್ಕಳನ್ನು ಕಳಿಸುವಂತಿಲ್ಲ.

ಇನ್ನೊಂದು ನಿಯಮವಿತ್ತು. ನೋಡಿಕೊಳ್ಳುವವರು ತಂದೆತಾಯಿಗಳಿಗೆ ನೇರವಾಗಿ ಫೋನ್ ಮಾಡಬಾರದು. ಮಾಡಿದರೆ ಏನೇನೋ ಹೇಳಿ ಹೆದರಿಸುತ್ತಾರೆ, ಪುಸಲಾಯಿಸುತ್ತಾರೆ ಎಂದು ಕಂಪನಿಯ ಅನುಮಾನ. ಹೇಳುವುದೇನಿದ್ದರೂ ಗುಂಡಿಗೆ ಹೇಳಬೇಕು.

ಶಿವಲೀಲಾಗೆ ಆ ಕಂಪನಿಯಲ್ಲೇ ಕೆಲಸ ಸಿಕ್ಕಿತು. ಹಳೆಯ ಹತ್ತಿ ವಖಾರಿಯೊಳಗೆ ಕಚೇರಿ. ಒಳಗೆ ಹೋಗುವಾಗ ಫೋನನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಬೀಗ ಹಾಕಿಡಬೇಕು. ದಿನವಿಡೀ ತಂದೆತಾಯಿಗಳ ಕರೆಗೆ ಉತ್ತರ ಕೊಡುವುದು ಅವಳ ಕೆಲಸ. ಮನೆಗಳಿಂದ ಬಂದ ದನಿ ಕೇಳಲು ಅವಳಿಗೆ ಅನುಮತಿ ಇರಲಿಲ್ಲ. ಪರದೆಯ ಮೇಲಿನ ಅಕ್ಷರ ಮಾತ್ರ.

"ಮೇಡಮ್ಮಾರ, ನಂದು ಗಂಡುಕೂಸ್ರಿ. ಎಲ್ಲಿ ಬಿಡ್ಲಿ?"

"ಹೊಂಬೆಳಕು ಶಿಶುಗೃಹ ಚಲೋ ಐತ್ರಿ. ತೊಂಬತ್ನಾಕು."

"ನಮ್ಮ ಓಣ್ಯಾಗ ಸಂಕವ್ವ ಅಂತ ಅದಾಳ್ರಿ. ಆಕೀದ್ ಎಷ್ಟ್ರಿ?"

"ಐವತ್ತೆರಡು."

"ಅಯ್ಯ ಶಿವನ. ನಮ್ಮ ದೊಡ್ಡಾಕೀನ್ನ ಆಕೀನ ಜ್ವಾಪಾನ ಮಾಡ್ಯಾಳ್ರಿ. ಐವತ್ತೆರಡು ಅಂದ್ರ ಪಾಸೋ, ನಪಾಸೋ?"

"ನೀವ ವಿಚಾರ ಮಾಡ್ರಿ," ಎಂದಳು ಶಿವಲೀಲಾ.

ಆ ಕರೆ ಮುಗಿದ ಮೇಲೆ ಅವಳೇ ವಿಚಾರ ಮಾಡತೊಡಗಿದಳು. ಅದುವರೆಗೆ ತನ್ನ ಮಗಳ ಪುಟವನ್ನು ತೆರೆದು ನೋಡಿರಲಿಲ್ಲ. ತೆರೆದಳು. ಕಪ್ಪು ಅಕ್ಷರಗಳು ಸಾಲಾಗಿ ನಿಂತಿದ್ದವು. 'ಮಗು ಊಟ ಮಾಡಿಲ್ಲ. ಮಗು ನಿದ್ದೆ ಮಾಡಿಲ್ಲ. ಮಗು ಬಡವಾಗಿದೆ.' ಹಿಂದಿನ ದಿನವೂ ಅದೇ. ಅದರ ಹಿಂದಿನ ದಿನವೂ ಅದೇ.

ಸಂಜೆ ಸಂಕವ್ವನ ಮನೆಗೆ ಹೋದಾಗ ಗಂಗೋತ್ರಿ ಬಾಗಿಲಲ್ಲಿ ಕೂತು ಬೆಲ್ಲ ನೆಕ್ಕುತ್ತಿದ್ದಳು. ಹೊಟ್ಟೆ ಗುಂಡಗಿತ್ತು. ವಾಯು ತುಂಬಿರಬೇಕು ಎಂದುಕೊಂಡಳು ಶಿವಲೀಲಾ.

"ಉಂಡಳೇನ ಆಯಿ?"

"ಎಲ್ಲಿ ಉಣ್ತಾಳವಾ? ಗುಬ್ಬಿ ತಿಂದಂಗ," ಎಂದಳು ಸಂಕವ್ವ.

ಹಿಂದೆ ಈ ಮಾತನ್ನು ಶಿವಲೀಲಾ ನೂರು ಸಲ ಕೇಳಿದ್ದಳು. ಕೇಳಿ, ನಕ್ಕು, ಕೂಸನ್ನು ಎತ್ತಿಕೊಂಡು ಹೋಗಿದ್ದಳು. ಇವತ್ತು ಅದರ ಹಿಂದೆ ಪರದೆಯ ಅಕ್ಷರ ನಿಂತಿತ್ತು. ಮುದುಕಿ ತನ್ನ ಬಾಯಿಂದಲೇ ಒಪ್ಪಿಕೊಳ್ಳುತ್ತಿದ್ದಾಳೆ, ಅದೂ ನಾಚಿಕೆಯಿಲ್ಲದೆ.

"ಯಾಕ ಉಣ್ಣಂಗಿಲ್ಲ? ನೀ ಉಣಸ್ತೀಯೋ ಇಲ್ಲೋ?"

ಸಂಕವ್ವ ತಂಬಾಕು ಉಗುಳಿ ಬಂದು ಅವಳ ಮುಖ ನೋಡಿದಳು. "ಏನ್ ಕೇಳಾಕತ್ತಿ ತಂಗಿ ನೀನು?"

"ಏನಿಲ್ಲ."

ಮರುವಾರ ಗಂಗೋತ್ರಿಯನ್ನು ಹೊಂಬೆಳಕಿಗೆ ಸೇರಿಸಿದಳು. ಸಂಕವ್ವ ತಡೆಯಲಿಲ್ಲ. "ಒಯ್ಯವಾ, ನಿಂದ ಕೂಸು. ನೀ ಸಾಲಿ ಕಲ್ತಾಕಿ, ಗುಂಡಿ ಹೇಳಿದ್ದು ಕೇಳು. ನಂದೇನೈತಿ, ಬಾಯಿ ಹರಕಿ," ಎಂದು ಕೂಸಿನ ಇನ್ನೊಂದು ಅಂಗಿಯನ್ನು ಮಡಚಿ ಕೊಟ್ಟಳು.

ಹೊಂಬೆಳಕಿನ ಗೋಡೆಗಳಿಗೆ ಹೊಸ ಬಣ್ಣ ಬಳಿದಿತ್ತು. ನಡೆಸುವವಳು ವೈಜಯಂತಿ ಮೇಡಂ, ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮಾತು. ಪರದೆಯ ಮೇಲೆ ಈಗ ಮಗಳ ಪುಟ ಓದಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. 'ಮಗು ಎರಡು ಬಟ್ಟಲು ಅನ್ನ ಉಂಡಿತು. ಸಂತೋಷವಾಗಿ ಆಡಿತು. ಅಳು ಇಲ್ಲ.' ಆದರೆ ಮನೆಗೆ ಬಂದ ಗಂಗೋತ್ರಿ ಅಜ್ಜಿಯ ರೊಟ್ಟಿ ಬುಟ್ಟಿಗೆ ಕೈ ಹಾಕಿ ಎರಡೂ ದವಡೆಗೆ ತುರುಕಿಕೊಳ್ಳುತ್ತಿದ್ದಳು. ಎತ್ತಿಕೊಂಡರೆ ಮೊದಲಿನ ಭಾರ ಇರಲಿಲ್ಲ. ಎತ್ತಿಕೊಳ್ಳದಿದ್ದರೂ ಸುಮ್ಮನೆ ಕೂತಿರುತ್ತಿದ್ದಳು.

"ಜಾಗಾ ಹೊಸಾದಲ್ಲ, ಹೊಂದ್ಕೊಂತಾಳ," ಎಂದ ಫಕೀರೇಶ ಫೋನಿನಲ್ಲಿ.

"ತೊಂಬತ್ನಾಕು ಐತಿ ನೋಡ್ರಿ ಆ ಮನೀದು. ತೊಂಬತ್ನಾಕಕ್ಕ ಹಿಂಗ್ಯಾಕ?"

"ಹಂಗಾರ ಹೋಗಿ ನೋಡಿ ಬಾ."

ಊಟದ ಬಿಡುವಿನಲ್ಲಿ ಹೇಳದೆ ಕೇಳದೆ ಹೋದಳು. ಕಾವಲಿನವನು ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಬಿಡುವುದಿಲ್ಲ ಎಂದ. ಅವಳು ಹಿಂದಿನ ಸಂದಿಗೆ ಸುತ್ತಿ ಬಂದು ಕಿಟಕಿಯಲ್ಲಿ ಇಣುಕಿದಳು.

ಕೋಣೆಯಲ್ಲಿ ಹಗ್ಗ ಕಟ್ಟಿತ್ತು. ಹಗ್ಗದ ಮೇಲೆ ಮಕ್ಕಳ ಅಂಗಿಗಳನ್ನು ಒಣಹಾಕಿದಂತೆ ಸಾಲಾಗಿ ತೂಗುಹಾಕಿದ್ದರು. ಕೆಲಸದ ಹುಡುಗಿಯೊಬ್ಬಳು ಕುರ್ಚಿ ಹಾಕಿಕೊಂಡು ಕೂತು ಆ ಅಂಗಿಗಳಿಗೆ ಕಥೆ ಹೇಳುತ್ತಿದ್ದಳು. "ಜಾಣ ಮರಿ, ಇನ್ನೊಂದು ತುತ್ತು ತಿನ್ನುತ್ತೀಯಾ? ಆಹಾ, ಎಷ್ಟು ಚೆನ್ನಾಗಿ ಉಂಡೆ." ದನಿ ಜೇನಿನಂತಿತ್ತು. ಕೈಯಲ್ಲಿ ಅವಳದೇ ಊಟದ ಡಬ್ಬಿ. ಆಚೆಯ ಕೋಣೆಯಲ್ಲಿ ಮಕ್ಕಳು ಬನಿಯನ್ನಿನಲ್ಲಿ ಕೂತಿದ್ದರು. ಯಾರೂ ಅವರನ್ನು ಹೊಡೆದಿರಲಿಲ್ಲ. ಯಾರೂ ಅವರೊಂದಿಗೆ ಮಾತೂ ಆಡುತ್ತಿರಲಿಲ್ಲ. ಅತ್ತರೆ ಯಾರೂ ಬರುವುದಿಲ್ಲ ಎಂದು ಗೊತ್ತಾಗಿ ಅಳುವುದನ್ನೂ ಬಿಟ್ಟಿದ್ದರು.

ಶಿವಲೀಲಾ ಕಾವಲಿನವನನ್ನು ತಳ್ಳಿಕೊಂಡು ಒಳಗೆ ಹೋಗಿ ಮಗಳನ್ನು ಎತ್ತಿಕೊಂಡಳು. ವೈಜಯಂತಿ ಮೇಡಂ ಎದುರಾದಳು. "ಅಂಗಿ ಹೊಲಸು ಆಗ್ತಾವ ಅಂತ ಬಿಚ್ಚಿದ್ದು, ತಪ್ಪು ತಿಳ್ಕೋಬ್ಯಾಡ್ರಿ."

"ಅಂಗೀಗೆ ಉಣಸಾಕತ್ತಿದ್ದಿಲ್ಲೇನ್ರಿ? ಹೊಲಸು ಆಗ್ತಾವ ಬಿಡ್ರಿ," ಎಂದು ಹೊರಟಳು.

ಕಚೇರಿಗೆ ಒಂದೆರಡು ದಿನ ರಜೆ ಹಾಕಿದಳು. ಮಗಳು ಮನೆಯಲ್ಲಿದ್ದರೂ ಗುಂಡಿ ಅಂಗಿಯಲ್ಲೇ ಇತ್ತು, ಕೇಳುವುದನ್ನು ನಿಲ್ಲಿಸಿರಲಿಲ್ಲ. ಮಧ್ಯಾಹ್ನ ಎದುರುಮನೆಯ ರುದ್ರವ್ವ ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲಿ ನಿಂತು ಕೂಸನ್ನೇ ನೋಡುತ್ತಿದ್ದಳು. ಗಂಗೋತ್ರಿ ಚಪಾತಿಗೆ ತುಪ್ಪ ಹಚ್ಚಿದ್ದನ್ನು ಮುಗಿಸಿ ಇನ್ನೊಂದಕ್ಕೆ ಕೈಚಾಚಿದ್ದಳು. ಆಗಲೇ ಗುಂಡಿ ಕೇಳಿತು: "ಮಗು ಊಟ ಮಾಡಿತೇ?"

"ಎಲ್ಲಿ ಉಣ್ತಾಳ? ಒಂದ್ ತುತ್ತೂ ಇಳಿಯಂಗಿಲ್ಲ," ಎಂದಳು ಶಿವಲೀಲಾ.

"ಹೌದಲ್ಲ, ಕಡ್ಡಿ ಆಗ್ಯಾಳ," ಎಂದಳು ರುದ್ರವ್ವ, ಕೂಸಿನ ಚಪಾತಿ ತುಂಬಿದ ಕೆನ್ನೆ ನೋಡುತ್ತ. ಅವಳಿಗೂ ರೀತಿ ಗೊತ್ತಿತ್ತು.

ಕೆಲಸಕ್ಕೆ ಮರಳಿದ ದಿನ ಪರದೆಯಲ್ಲಿ ಹೊಸ ಸಾಲು ಕಂಡಿತು. 'ತಾಯಿಯ ಮನೆ. ಮಗು ಊಟ ಮಾಡಿಲ್ಲ. ಅಂಕ ಮೂವತ್ತೆಂಟು. ಈ ಮನೆ ಮಗುವಿಗೆ ತಕ್ಕುದಲ್ಲ.' ಶಿವಲೀಲಾ ಮೊದಲು ನಕ್ಕಳು. ನಗುತ್ತಿರುವಾಗಲೇ ಸಂಕವ್ವನ ಮಾತು ನೆನಪಾಯಿತು, ನಗು ನಿಂತಿತು. ಅದೇ 'ಎಲ್ಲಿ ಉಣ್ತಾಳ', ಅಕ್ಷರಶಃ ಅದೇ. ಕೂಸು ಚೆನ್ನಾಗಿ ಉಣ್ಣುತ್ತದೆ ಎಂದು ಬಾಯಿಬಿಟ್ಟು ಹೇಳಿದರೆ ನೆದರ ಆಗುತ್ತದೆ. ಆದ್ದರಿಂದ ಈ ಊರಲ್ಲಿ ಯಾರೂ ಹೇಳುವುದಿಲ್ಲ. ಮುದ್ದು ಹೆಚ್ಚಾದಷ್ಟೂ ಉತ್ತರ ಕೆಟ್ಟದಾಗಿರುತ್ತದೆ. ಇದನ್ನು ತಿಳಿಯದವರು ಊರಲ್ಲಿ ಇಬ್ಬರೇ: ಯಂತ್ರ, ಮತ್ತು ಯಂತ್ರದ ಅಕ್ಷರ ಓದುವಾಗಿನ ಅವಳು.

ಸಂಕವ್ವನ ಅಂಕ ಹುಡುಕಿದಳು. ನಲವತ್ತೊಂದು.

ಕಚೇರಿಯ ಯಂತ್ರವಿಭಾಗದ ಮುಖ್ಯಸ್ಥ ಸುಮುಖ, ಮೈಸೂರಿನವನು. ದಡ್ಡನಲ್ಲ, ಕೆಟ್ಟವನೂ ಅಲ್ಲ. ಅಂಗಿಗಳ ವಿಷಯ ಕೇಳಿ ಹೊಂಬೆಳಕಿನ ಅಂಕವನ್ನು ತಡೆಹಿಡಿದ. ಇನ್ನೊಂದು ವಿಷಯಕ್ಕೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಅಂದ್ರೆ ಇಲ್ಲಿನ ಜನ 'ಇಲ್ಲ' ಅಂದ್ರೆ 'ಹೌದು' ಅಂತ?"

"ಕೂಸಿನ ಬಗ್ಗೆ ಅಷ್ಟ ಸರ್. ಚಲೋ ಅಂದ್ರ ನೆದರ ಆಗತೈತಿ."

"ನೆದರ?"

"ದೃಷ್ಟಿ ಸರ್."

"ಗುಂಡಿ ದೃಷ್ಟಿ ಹೇಗ್ರೀ ಹಾಕುತ್ತೆ? ಅದಕ್ಕೆ ಕಣ್ಣೇ ಇಲ್ವಲ್ಲ."

"ಬಾಯಿ ಐತಲ್ರಿ. ಬಾಯಿ ನೆದರ ಕಣ್ಣಿಂದಕ್ಕಿಂತ ಕೆಟ್ಟದ್ದು."

ಸುಮುಖ ನಕ್ಕ, ಆದರೆ ಬರೆದುಕೊಂಡ. ಊರಿನ ಮಕ್ಕಳನ್ನು ತಿಂಗಳಿಗೊಮ್ಮೆ ತೂಗುವ ವಿವರ ಅವನ ಬಳಿ ಇತ್ತು. ಅದನ್ನು ಗುಂಡಿಯ ಉತ್ತರಗಳ ಪಕ್ಕದಲ್ಲಿಟ್ಟು ಯಂತ್ರಕ್ಕೆ ಹೋಲಿಸಲು ಹೇಳಿದ. 'ಊಟ ಮಾಡಿಲ್ಲ' ಎಂದು ಹೆಚ್ಚು ಸಲ ಹೇಳಿದ ಮನೆಗಳ ಮಕ್ಕಳೇ ಹೆಚ್ಚು ತೂಗುತ್ತಿದ್ದರು. ಸಂಜೆಯೊಳಗೆ ತಿದ್ದುಪಡಿ ಸಿದ್ಧವಾಯಿತು. ಈ ಜಿಲ್ಲೆಯ ಮನೆಗಳಲ್ಲಿ 'ಮಗು ಊಟ ಮಾಡಿಲ್ಲ' ಎಂದು ಬಂದರೆ 'ಚೆನ್ನಾಗಿ ಊಟ ಮಾಡಿದೆ' ಎಂದು ತಿಳಿಯುವುದು. ನಿದ್ದೆಗೂ ಆಟಕ್ಕೂ, ಬೇರೆ ಯಾವ ದೂರಿಗೂ ಹಾಗೆಯೇ.

"ಖರೇನ ಉಣ್ಣದ ದಿನಾನೂ ಇರ್ತಾವಲ್ರಿ ಸರ್," ಎಂದಳು ಶಿವಲೀಲಾ.

"ನೂರರಲ್ಲಿ ಎಷ್ಟು?"

"ಒಂದೋ ಎರಡೋ."

"ಹಾಗಾದ್ರೆ ತೊಂಬತ್ತೆಂಟು ಸರಿ, ಎರಡು ತಪ್ಪು. ಇಷ್ಟು ದಿನ ತೊಂಬತ್ತೆಂಟೂ ತಪ್ಪಾಗ್ತಿತ್ತು. ಯಾವುದು ಬೇಕು ಹೇಳಿ."

"ಯಾವ್ದು ಖರೇ, ಯಾವ್ದು ನೆದರಕ್ಕ ಹೆದರಿ ಹೇಳಿದ್ದು ಅಂತ ಕೇಳಿದವರಿಗೆ ಗೊತ್ತಾಗ್ತೈತ್ರಿ."

"ಹೇಗೆ ಗೊತ್ತಾಗುತ್ತೆ? ಅದನ್ನ ಹೇಳಿ, ಯಂತ್ರಕ್ಕೂ ಕಲಿಸ್ತೀನಿ."

ಅವಳಿಗೆ ಹೇಳಲು ಬರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದದ್ದು, ಹೇಗೆ ಗೊತ್ತು ಎಂಬುದು ಗೊತ್ತಿರಲಿಲ್ಲ. ಜೊತೆಗೆ ಅವಳಿಗೆ ಅವಸರವಿತ್ತು. ರಜೆ ಮುಗಿದಿತ್ತು. ಗಂಗೋತ್ರಿಯನ್ನು ತಾಯಿ ಖಾನಾವಳಿಯ ಒಲೆಗಳ ನಡುವೆ ಕೂರಿಸಿಕೊಂಡಿದ್ದಳು. ಸಂಕವ್ವನ ಅಂಕ ಇನ್ನೆರಡು ಇಳಿದರೆ ಆ ಬಾಗಿಲೂ ಮುಚ್ಚುತ್ತಿತ್ತು. "ಹಂಗ ಮಾಡ್ರಿ," ಎಂದಳು.

ತಿದ್ದುಪಡಿಯಾದ ಮೇಲೆ ಸಂಕವ್ವನ ಅಂಕ ತೊಂಬತ್ತು ದಾಟಿತು. ಶಿವಲೀಲಾ ಮಗಳನ್ನು ಎತ್ತಿಕೊಂಡು ಆ ಹೊಸ್ತಿಲಲ್ಲಿ ನಿಂತಾಗ ಸಂಕವ್ವ ಒಳಗೆ ಕರೆಯಲಿಲ್ಲ.

"ಗುಂಡಿ ಏನಂತೈತಿ ಈಗ?"

"ನೀ ಚಲೋ ಅದಿ ಅಂತೈತಿ."

"ಅದಕ್ಕ ಬಂದಿ." ಮುದುಕಿ ಕೂಸನ್ನು ಮಾತ್ರ ಇಸಿದುಕೊಂಡಳು. "ಬಾ ಬಂಗಾರದ ಮೂಳಿ. ಎಷ್ಟ ಒಣಗಿ ನೋಡು. ಈಗ ಒಣಗಿ ಅಂದ್ರ ಖರೇನ ಒಣಗಿ."

ಒಂದೆರಡು ತಿಂಗಳು ಚೆನ್ನಾಗಿ ಹೋಯಿತು. ಗಂಗೋತ್ರಿ ಮತ್ತೆ ಭಾರವಾದಳು, ಮತ್ತೆ ಗಲಾಟೆ ಮಾಡಿದಳು, ಬೈಗಳ ಕಲಿತಳು. ಆದರೆ ಅಂಕ ಏರಿದ ಮನೆಗೆ ಯಂತ್ರ ಮಕ್ಕಳನ್ನು ಕಳಿಸುತ್ತಲೇ ಇತ್ತು. ಚಾಪೆಯ ಮೇಲೆ ಜಾಗ ಸಾಲದೆ ಪಡಸಾಲೆಗೂ ಹಾಸಿದರು. ಸಂಕವ್ವ "ಸಾಕ್ರಿ, ನನ್ನ ಕೈಲೆ ಆಗವಲ್ದು" ಎಂದು ಗುಂಡಿಗೆ ಹೇಳಿದಳು. ಅದೂ ತಿದ್ದುಪಡಿಯ ಹೊಡೆತಕ್ಕೆ ಸಿಕ್ಕಿ 'ಉತ್ಸಾಹದಿಂದಿದ್ದಾರೆ' ಎಂದು ಬಂತು. ಶಿವಲೀಲಾ ಆ ಸಾಲನ್ನು ಓದಿದಳು. ಅನುಮಾನ ಬಂತು. ಸಂಜೆ ಹೋಗಿ ಕೇಳಬೇಕು ಎಂದುಕೊಂಡಳು, ಕೇಳಲಿಲ್ಲ. ಇರುವ ಒಂದು ಮನೆಯನ್ನೂ ಅನುಮಾನಿಸಿದರೆ ಮತ್ತೆ ಎಲ್ಲಿಗೆ ಹೋಗುವುದು?

ಮಳೆಗಾಲದ ಆರಂಭದ ಒಂದು ಗುರುವಾರ ಮಧ್ಯಾಹ್ನ ಮಗಳ ಪುಟ ತೆರೆದಳು. 'ಮಗು ಚೆನ್ನಾಗಿ ಊಟ ಮಾಡಿದೆ. ಚುರುಕಾಗಿದೆ. ಅಳು ಇಲ್ಲ. ಅಂಕ ತೊಂಬತ್ತಾರು.' ಪಕ್ಕದ ಕುರ್ಚಿಯವಳಿಗೆ ತೋರಿಸಬೇಕೆನಿಸಿತು. ನೆದರ ಆದೀತೆಂದು ತೋರಿಸಲಿಲ್ಲ.

ಸಂಜೆ ಹೋದಾಗ ಸಂಕವ್ವನ ಬಾಗಿಲಿಗೆ ಕೊಂಡಿ ಬಿದ್ದಿತ್ತು. ಮಕ್ಕಳೆಲ್ಲ ಪಕ್ಕದ ಮನೆಯ ಕಟ್ಟೆಯ ಮೇಲಿದ್ದರು.

"ಜಿಲ್ಲಾ ದವಾಖಾನಿಗೆ ಹೋಗ್ಯಾಳವಾ, ನಿನ್ನ ಮಗಳನ್ನ ಹೊತ್ಕೊಂಡು," ಎಂದಳು ಪಕ್ಕದವಳು. "ನಿನ್ನ ಫೋನ್ ಕಪಾಟಿನ್ಯಾಗ ಇರತೈತಿ ಅಂತ ಫಕೀರೇಶಗ ಹಚ್ಚಿದ್ಲು, ಎತ್ತಲಿಲ್ಲ. ನಾ ಹೊರಗಿಂದ ಬರೂತನಕ ಈ ಹುಡುಗ್ರನ್ನ ಬಿಟ್ಟು ಹೋಗಾಕ ಆಕಿಗೆ ದಾರಿ ಇರಲಿಲ್ಲ."

ಆಸ್ಪತ್ರೆಯಲ್ಲಿ ವೈದ್ಯೆ ಸಂಕವ್ವನನ್ನು ಕೇಳುತ್ತಿದ್ದಳು. "ಜ್ವರ ಯಾವಾಗಿಂದ ಐತಿ?"

"ಮುಂಜಾನಿಂದ್ರಿ. ಹತ್ತ್ ಸಲ ಹೇಳೀನ್ರಿ."

"ಯಾರಿಗೆ ಹೇಳೀರಿ?"

ಸಂಕವ್ವ ಹಾಸಿಗೆಯ ಮೇಲಿದ್ದ ಅಂಗಿಯತ್ತ ಬೆರಳು ತೋರಿಸಿದಳು.

ಮಿದುಳಿನ ಪೊರೆಗೆ ತಗಲಿದ ಜ್ವರ. ಮಧ್ಯಾಹ್ನಕ್ಕೇ ತಂದಿದ್ದರೆ ಎಂದು ವೈದ್ಯೆ ಅರ್ಧ ಹೇಳಿ ನಿಲ್ಲಿಸಿದಳು. ಮರುದಿನ ಲಾರಿ ಬಿಟ್ಟು ಬಂದ ಫಕೀರೇಶ ಇಡೀ ವಾಕ್ಯ ಹೇಳಿದ. "ಮುದುಕಿ ಮಕ್ಕೊಂಡಿರಬೇಕು. ಈಗ ಹೇಳೀನಿ ಹೇಳೀನಿ ಅಂತಾಳ. ಸುಳ್ಳ."

ಶಿವಲೀಲಾಗೂ ಹಾಗೆಯೇ ಅನಿಸಿತ್ತು. ಸಂಕವ್ವ ಮಧ್ಯಾಹ್ನ ತೂಕಡಿಸುವುದನ್ನು ಅವಳೂ ನೋಡಿದ್ದಳು. ತಪ್ಪು ಯಾರದೆಂದು ಕಂಪನಿಗೂ ಬೇಕಾಗಿತ್ತು. ಆದ್ದರಿಂದ ಮೊದಲ ಸಲ ಅವಳಿಗೆ ದನಿ ಕೇಳಲು ಅನುಮತಿ ಸಿಕ್ಕಿತು. ಸುಮುಖ ಪಕ್ಕದಲ್ಲಿ ಕೂತು, ಹೋಲಿಕೆಗೆಂದು ಮೊದಲು ಹಿಂದಿನ ವಾರದ್ದನ್ನು ಹಾಕಿದ.

"ಎಲ್ಲಿ ಉಣ್ತಾಳ್ರಿ? ಎಲ್ಲಿ ಮಕ್ಕೊಂತಾಳ? ಏನ್ ಆಡ್ತಾಳ, ಕಡ್ಡಿ ಎದ್ದಂಗ ಎದ್ದಾಳ," ಎಂದು ಸಂಕವ್ವ ರಾಗ ಎಳೆದಳು. ಹಿಂದೆ ಗಂಗೋತ್ರಿ ಕಿರುಚಿ ನಗುತ್ತಿದ್ದಳು.

ಆಮೇಲೆ ಗುರುವಾರದ್ದು.

"ಕೂಸು ಉಂಡಿಲ್ಲ. ಮೈ ಸುಡಾಕತ್ತೈತಿ. ಅವರವ್ವಗ ತಿಳಸ್ರಿ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ. "ಕೂಸು ಉಂಡಿಲ್ಲ. ಕಣ್ಣು ತಗೀವಲ್ಲಳು. ಕೇಳಾಕತ್ತೀರಿಲ್ಲೋ?"

ಮತ್ತೆ. "ಉಂಡಿಲ್ಲ. ಅಳವಲ್ಲಳು. ಯಾರರೆ ಬರ್ರಿ."

ಶಿವಲೀಲಾ ಹಿಂದಿನ ವಾರದ್ದನ್ನು ಇನ್ನೊಮ್ಮೆ ಹಾಕಿಸಿದಳು, ಗುರುವಾರದ್ದನ್ನು ಇನ್ನೊಮ್ಮೆ. ಎರಡಕ್ಕೂ ಪರದೆಯಲ್ಲಿ ಬಿದ್ದ ಅಕ್ಷರ ಒಂದೇ: ಮಗು ಊಟ ಮಾಡಿಲ್ಲ. ಅದನ್ನು ತಿದ್ದುಪಡಿ ಒಂದೇ ರೀತಿ ತಿರುವಿ ಹಾಕಿತ್ತು. ಮೈ ಸುಡುವುದೂ ಕಣ್ಣು ತೆಗೆಯದಿರುವುದೂ ದೂರೆಂದು ತಿರುವಿಬಿದ್ದು 'ಚುರುಕಾಗಿದೆ' ಎಂದಾಗಿತ್ತು. ಅಳು ಇಲ್ಲದ್ದರಿಂದ ಅಂಕವೂ ಏರಿತ್ತು.

"ಸರ್," ಎಂದಳು. "ನೆದರಕ್ಕ ಹೆದರಿ ಹೇಳೋರು 'ಉಂಡಿಲ್ಲ' ಅನ್ನಂಗಿಲ್ಲ. ಪ್ರಶ್ನಿ ಕೇಳ್ತಾರ. ಎಲ್ಲಿ ಉಣ್ತಾಳ, ಏನ್ ಬೆಳಿತಾಳ ಅಂತ. ಖರೇನ ಉಣ್ಣದಿದ್ರ ಪ್ರಶ್ನಿ ಇರಂಗಿಲ್ಲ. ಉಂಡಿಲ್ಲ ಅಂತಾರ, ಅಷ್ಟ."

ಸುಮುಖ ಎರಡನ್ನೂ ತಾನೇ ಮತ್ತೆ ಕೇಳಿದ. ಕೊನೆಗೆ, "ಇದನ್ನ ಆವತ್ತೇ ಹೇಳಿದ್ರೆ," ಎಂದ.

"ಆವತ್ತು ಗೊತ್ತಿರಲಿಲ್ರಿ."

"ಮುಂದಿನ ತಿದ್ದುಪಡಿಗೆ ಹಾಕ್ತೀನಿ."

ಹಾಕಿದನೋ ಇಲ್ಲವೋ ಶಿವಲೀಲಾ ನೋಡಲಿಲ್ಲ. ಅವಳು ಕೆಲಸ ಬಿಟ್ಟಿದ್ದಳು. ಸಂಕವ್ವನ ಮನೆಯ ಅಂಕ ಕೆಲವು ವಾರ ತೊಂಬತ್ತಾರರಲ್ಲೇ ನಿಂತಿತ್ತು, ಯಂತ್ರ ಇನ್ನಷ್ಟು ಮಕ್ಕಳನ್ನು ಕಳಿಸಿತು. ಮುದುಕಿ ಯಾರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಶಿವಲೀಲಾ ಹೋದಾಗಲೂ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ, "ಇಲ್ಲಿ ಯಾವ ಕೂಸೂ ಇಲ್ಲವಾ," ಎಂದಳು. ಅದರಲ್ಲಿ ಪ್ರಶ್ನೆ ಇರಲಿಲ್ಲ.

ಗಂಗೋತ್ರಿ ಬದುಕಿದಳು. ಎರಡೂ ಕಿವಿ ಹೋದವು. ಕಲಿತ ಮಾತು ತನ್ನ ಕಿವಿಗೇ ಬೀಳದ ಮೇಲೆ ಒಂದೊಂದಾಗಿ ಬಿಟ್ಟುಹೋಗುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದಳು. ಜ್ವರ ಬರುವಾಗ ಅವಳು ಹದಿನಾಲ್ಕು ಮಾತು ಆಡುತ್ತಿದ್ದಳು. ದಸರೆಗೆ ಆರು ಉಳಿದವು, ದೀಪಾವಳಿಗೆ ಎರಡು. ಸಂಕ್ರಾಂತಿ ಹೊತ್ತಿಗೆ ಹದಿನಾಲ್ಕೂ ಹೋಗಿದ್ದವು.